ಯತ್ತಪ್ಪನ ಹೆಸರು

ಅನೀಸ್ ಆ ಸುಳ್ಳು ಹೇಳಿದ್ದು ಮುರುಗಪ್ಪನ ಹೋಟೆಲಿನಲ್ಲಿ, ೧೯೭೧ರ ಡಿಸೆಂಬರಿನಲ್ಲಿ. ಪಾಕಿಸ್ತಾನದ ಜೊತೆ ಯುದ್ಧ ನಡೆದಿತ್ತು. ಹಿರಿಯೂರಿನಲ್ಲಿ ರೇಡಿಯೋ ಇದ್ದ ಅಂಗಡಿಗಳ ಮುಂದೆಲ್ಲ ವಾರ್ತೆಯ ಹೊತ್ತಿಗೆ ಜನ ಸೇರುತ್ತಿದ್ದರು. ಮುರುಗಪ್ಪನ ಹೋಟೆಲಿನ ರೇಡಿಯೋ ಅವತ್ತೇ ಕೆಟ್ಟು ಕೂತಿದ್ದರಿಂದ ಅನೀಸನಿಗೆ ಹೇಳಿಕಳಿಸಿದ್ದರು. ರೇಡಿಯೋ ರಿಪೇರಿ ಮಾಡುವುದು, ಮದುವೆ ಸಭೆಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುವುದು ಅವನ ಕಸುಬು. ಅವನು ಹಿಂದಿನ ಮುಚ್ಚಳ ಬಿಚ್ಚಿ ಏನೋ ಸರಿಮಾಡಿ ಸ್ಟೇಷನ್ ಹಿಡಿದುಕೊಟ್ಟ. ನಮ್ಮ ನೌಕಾಪಡೆ ಕರಾಚಿ ಬಂದರಿನ ಮೇಲೆ ಬಿದ್ದಿದೆ ಎಂಬ ಸುದ್ದಿ ಬಂತು. ಹೋಟೆಲಿನಲ್ಲಿದ್ದವರು ಚಪ್ಪಾಳೆ ತಟ್ಟಿದರು. ಅನೀಸನೂ ತಟ್ಟಿದ. ಆದರೆ ಒಂದು ಕೈಯಲ್ಲಿ ಸ್ಕ್ರೂಡ್ರೈವರ್ ಇದ್ದುದರಿಂದ ಸದ್ದು ಬರಲಿಲ್ಲ.

ಮೂಲೆಯ ಬೆಂಚಿನಲ್ಲಿ ಕೂತಿದ್ದ ಕಡಲೆಕಾಯಿ ಮಿಲ್ಲಿನ ರೈಟರು ಅದನ್ನು ನೋಡಿದ.

"ಏನಪ್ಪ ಅನೀಸ, ಸುದ್ದಿ ಕೇಳಿ ಖುಷಿ ಆತೋ ಇಲ್ವೋ? ನಿನ್ನ ಚಪ್ಪಾಳೆ ಸದ್ದೇ ಬರ್ಲಿಲ್ಲ."

ಕೆಲವರು ನಕ್ಕರು. ಅದರಲ್ಲಿ ದೊಡ್ಡ ವಿಷವೇನೂ ಇರಲಿಲ್ಲ. ಆದರೂ ಅನೀಸನ ಕಿವಿ ಬಿಸಿಯಾಯಿತು. ಹೈದರಾಲಿಯ ಕಾಲದಿಂದ ಈ ಊರಲ್ಲೇ ಬಾಳಿದ ಮನೆತನದವನು ತಾನು, ಚಪ್ಪಾಳೆಯ ಸದ್ದಿಗೆ ಲೆಕ್ಕ ಕೊಡಬೇಕಾಯಿತಲ್ಲ ಎಂದು ಸಿಟ್ಟು ಬಂತು.

"ನಮ್ಮಪ್ಪ ದೊಡ್ಡ ಯುದ್ಧದಾಗೆ ಹಡಗಿನ ಮೇಲಿದ್ದೋನು. ಟಾರ್ಪೆಡೋ ಬಿದ್ದು ಸಮುದ್ರದಾಗೆ ಮುಳುಗಿ ಎದ್ದು ಬಂದೈತೆ ಆ ಜೀವ" ಎಂದ.

ನಗು ನಿಂತಿತು. ಮುರುಗಪ್ಪ ಒಲೆಯ ಹತ್ತಿರದಿಂದ ತಿರುಗಿ ನೋಡಿದ. "ಹೌದೇನು? ಇಷ್ಟು ದಿನ ಹೇಳೇ ಇಲ್ವಲ್ಲಪ್ಪ. ನೇವಿನಾ?"

"ಹೂಂ" ಎಂದ ಅನೀಸ್.

ಅಷ್ಟೇ. ನೇವಿಯಲ್ಲ, ವ್ಯಾಪಾರದ ಹಡಗು, ಅಪ್ಪ ಬಾಯ್ಲರಿಗೆ ಕಲ್ಲಿದ್ದಲು ಎತ್ತಿಹಾಕುತ್ತಿದ್ದ ಎಂದು ಹೇಳಲು ಅಲ್ಲಿ ಜಾಗವಿತ್ತು. ಆದರೆ ರೈಟರು ಪಕ್ಕಕ್ಕೆ ಸರಿದು, "ಕುಂತ್ಕ ಬಾರಪ್ಪ" ಎಂದು ಬೆಂಚಿನಲ್ಲಿ ಜಾಗ ಬಿಟ್ಟುಕೊಟ್ಟಿದ್ದ.

ಅನೀಸನ ಅಪ್ಪ ಮೌಲಾ ಸಾಬ್ ಕುರಿಚರ್ಮ, ಉಣ್ಣೆ ಕೊಳ್ಳುವ ಸಣ್ಣ ವ್ಯಾಪಾರಿ. ಎರಡನೇ ಮಹಾಯುದ್ಧ ಶುರುವಾದ ಹೊಸತರಲ್ಲಿ ಚರ್ಮದ ಲೋಡಿನ ಜೊತೆ ಬೊಂಬಾಯಿಗೆ ಹೋಗಿದ್ದ. ಹೊರೆ ಇಳಿಸಲು ಸಹಾಯಕ್ಕೆಂದು ಧರ್ಮಪುರ ಕಡೆಯ ಕುರಿಗಾರರಾದ ಪಾಲಯ್ಯ, ಯತ್ತಪ್ಪ ಎಂಬ ಅಣ್ಣತಮ್ಮಂದಿರನ್ನೂ ಕರೆದುಕೊಂಡು ಹೋಗಿದ್ದ. ಅವರ ಮನೆಯಿಂದ ಮೌಲಾನ ಮನೆಯವರು ತಲೆಮಾರುಗಳಿಂದ ಉಣ್ಣೆ ಕೊಳ್ಳುತ್ತಿದ್ದರು. ಬಂದರಿನಲ್ಲಿ ಹಡಗುಗಳಿಗೆ ಆಳು ಸಾಲದೆ ಸಿಕ್ಕಿದವರನ್ನು ಹತ್ತಿಸಿಕೊಳ್ಳುತ್ತಿದ್ದರು. ಮೂವರೂ ಸಮುದ್ರ ಕಂಡದ್ದೇ ಆಗ. ಹುಡುಗು ಧೈರ್ಯದಲ್ಲಿ ಹತ್ತಿಬಿಟ್ಟರು. ಮೌಲಾ ಬೆಂಕಿಯ ಮುಂದೆ ನಿಂತ. ಅಣ್ಣತಮ್ಮಂದಿರು ಹಡಗಿನ ಹೊಟ್ಟೆಯಿಂದ ಅವನಿಗೆ ಕಲ್ಲಿದ್ದಲು ತಂದು ಸುರಿದರು. ಬಸ್ರಾ ಬಂದರಿಗೆ ಹಿಟ್ಟು, ಪೆಟ್ರೋಲ್ ಡಬ್ಬ, ಮದ್ದುಗುಂಡಿನ ಪೆಟ್ಟಿಗೆ ಹೊತ್ತು ಹಲವು ಸಲ ಹೋಗಿ ಬಂದರು. ಅವರ ಮೈಮೇಲೆ ಸರ್ಕಾರದ ಬಟ್ಟೆ ಇರಲಿಲ್ಲ, ಕೈಯಲ್ಲಿ ಬಂದೂಕಿರಲಿಲ್ಲ. ಶತ್ರುವಿನ ಸಬ್‌ಮೆರೀನಿಗೆ ಆ ವ್ಯತ್ಯಾಸ ಗೊತ್ತಿರಲಿಲ್ಲ. ಟಾರ್ಪೆಡೋ ಬಂದು ಬಡಿದದ್ದು ಸರಿಯಾಗಿ ಬಾಯ್ಲರ್ ಇದ್ದ ಕಡೆಗೆ. ಮೌಲಾ ಮತ್ತು ಪಾಲಯ್ಯನ ಪಾಳಿ ಮುಗಿದಿತ್ತು, ಯತ್ತಪ್ಪ ಕೆಳಗಿದ್ದ. ಕೆಳಗಿದ್ದವರು ಯಾರೂ ಮೇಲೆ ಬರಲಿಲ್ಲ.

ಬದುಕಿದವರು ಒಂದು ದೋಣಿಯಲ್ಲಿ ತೇಲಿ ಯಾವುದೋ ಅರಬ್ಬರ ಊರಿನ ದಂಡೆ ಸೇರಿ, ಆಮೇಲೆ ಊರಿಗೆ ಮರಳಿದರು. ಮುಂದೆ ದೇಶಕ್ಕೆ ಸ್ವಾತಂತ್ರ್ಯ ಬಂತು. ಯುದ್ಧದಿಂದ ಮರಳಿದ ಸಿಪಾಯಿಗಳನ್ನು ಊರೂರಲ್ಲಿ ಮಿಲಿಟರಿಯವರು ಎಂದು ಕರೆದು ಕೂರಿಸಿದರು. ಹಡಗಿನವರನ್ನು ಯಾರೂ ಏನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ವರ್ಷಕ್ಕೊಮ್ಮೆ ಪಾಲಯ್ಯ ಉಣ್ಣೆ ತಂದಾಗ ಇಬ್ಬರೂ ಅಂಗಡಿಯ ಹಿಂದೆ ಕೂತು ಮಾತಾಡುತ್ತಿದ್ದರು. ಚಿಕ್ಕಂದಿನಲ್ಲಿ ಅನೀಸ್ ಕೇಳಿಸಿಕೊಂಡಿದ್ದು ಆ ಮಾತುಗಳನ್ನೇ.

೧೯೭೨ರ ಆಗಸ್ಟಿಗೆ ಸ್ವಾತಂತ್ರ್ಯ ಬಂದು ಇಪ್ಪತ್ತೈದು ವರ್ಷ. ಸಮಾರಂಭದ ಸಮಿತಿಯ ಕಾರ್ಯದರ್ಶಿ ಹಾಲಸ್ವಾಮಿ, ನಿವೃತ್ತ ಹೆಡ್‌ಮಾಸ್ತರು, ಮೈಕ್ ಸೆಟ್ ಗೊತ್ತುಮಾಡಲು ಅನೀಸನ ಅಂಗಡಿಗೆ ಬಂದರು. ಹೊರಡುವಾಗ ಹೇಳಿದರು: "ನಿಮ್ಮ ತಂದೆಯವರು ನೇವಿಯಲ್ಲಿದ್ದರಂತಲ್ಲ, ಮುರುಗಪ್ಪ ಹೇಳಿದ. ನಮ್ಮ ತಾಲ್ಲೂಕಿಗೆ ಅಂಥವರು ಒಬ್ಬರೇ. ಶಾಲು ಹೊದಿಸಿ ಸನ್ಮಾನ ಮಾಡಾಣ ಅಂತ ಸಮಿತೀಲಿ ಆಗೈತೆ. ಡ್ರೆಸ್ ಇದ್ರೆ ಹಾಕ್ಕಂಡೇ ಬರ್ಲಿ."

ಅನೀಸ್ ಆಗಲೂ ಹೇಳಬಹುದಿತ್ತು. "ಆಗ್ಲಿ ಸಾರ್" ಎಂದ.

ಮನೆಗೆ ಹೋಗಿ ಅಪ್ಪನಿಗೆ, "ಯುದ್ಧದಾಗೆ ಹಡಗಿನ ಮೇಲಿದ್ದೋರಿಗೆ ಸನ್ಮಾನ ಐತಂತೆ" ಎಂದಷ್ಟೇ ಹೇಳಿದ.

ಮೌಲಾ ಸಾಬ್ ಉಣ್ಣೆ ಬಿಡಿಸುತ್ತಿದ್ದವರು ಕೈ ನಿಲ್ಲಿಸಿದರು. "ನಮ್ಮಂಥೋರಿಗಾ?"

"ಹೂಂ ಅಬ್ಬಾ."

ಅವರು ಕೈಯಲ್ಲಿದ್ದ ಉಣ್ಣೆಯನ್ನು ಪಕ್ಕಕ್ಕಿಟ್ಟರು. ಆಮೇಲೆ, "ಪಾಲಯ್ಯನಿಗೂ ಹೇಳಿಕಳಿಸ್ತೀನಿ. ಯತ್ತಪ್ಪನ ಹೆಸ್ರು ಹೇಳಿಸ್ಬೇಕು. ಜುಂಜಮ್ಮ ಇನ್ನೂ ಬದುಕೈತೆ" ಎಂದರು. ಜುಂಜಮ್ಮ ಎಂದರೆ ಪಾಲಯ್ಯ ಯತ್ತಪ್ಪರ ತಾಯಿ. ಮರುದಿನವೇ ಧರ್ಮಪುರದ ಬಸ್ಸಿನ ಕಂಡಕ್ಟರ ಕೈಲಿ ಸುದ್ದಿ ಹೋಯಿತು.

ಅನೀಸ್ ದರ್ಜಿಯ ಹತ್ತಿರ ಬಿಳಿ ಪ್ಯಾಂಟು, ಬಿಳಿ ಅಂಗಿ ಹೊಲಿಸಿದ. ಒಂದು ಬಿಳಿ ಟೋಪಿಯನ್ನೂ ಕ್ಯಾಲೆಂಡರಿನಲ್ಲಿದ್ದ ನೇವಿಯವರ ಚಿತ್ರ ತೋರಿಸಿ ಮಾಡಿಸಿದ. ಅವನ್ನು ಪೆಟ್ಟಿಗೆಯಲ್ಲಿಟ್ಟು, ಅಪ್ಪನಿಗೆ ಹೇಳಬೇಕಾದ್ದನ್ನು ನಾಳೆ ನಾಳೆ ಎಂದು ಮುಂದೂಡಿದ. ಕೊನೆಗೆ ಆಗಸ್ಟ್ ಹದಿನೈದರ ಬೆಳಿಗ್ಗೆ ಚಾಪೆಯ ಮೇಲೆ ಬಟ್ಟೆ ತೆಗೆದಿಟ್ಟ.

ತಾಯಿ ಖಾತುನ್ ಬೀ ಬಾಗಿಲಲ್ಲಿ ನಿಂತು ನೋಡಿದಳು. "ಇದ್ಯಾರ ಬಟ್ಟೆ?"

"ಅವರು ನೇವಿ ಅಂತ ತಿಳ್ಕಂಡಾರೆ" ಎಂದ ಅನೀಸ್, ಅಪ್ಪನ ಕಡೆ ನೋಡದೆ. "ಇವತ್ತೊಂದು ದಿನ ಅಬ್ಬಾ. ಈಗ ಹೇಳಿದ್ರೆ ನಾನು ಊರಾಗೆ ತಿರುಗಾಡಂಗಿಲ್ಲ."

ಮೌಲಾ ಸಾಬ್ ಟೋಪಿಯನ್ನು ಎತ್ತಿ ಒಳಗಡೆ ನೋಡಿದರು. "ನಾವು ಹಡಗಿನಾಗೆ ಲಂಗೋಟಿ ಮೇಲೆ ಇರ್ತಿದ್ವಿ. ಆ ಸೆಕೆಗೆ ಬಟ್ಟೆ ನಿಲ್ತಿರ್ಲಿಲ್ಲ" ಎಂದರು. ಬಟ್ಟೆ ಹಾಕಿಕೊಂಡರು. ಖಾತುನ್ ಬೀ ಒಳಗೆ ಹೋಗಿ ಅವರು ಹೊರಡುವವರೆಗೂ ಹೊರಗೆ ಬರಲಿಲ್ಲ.

ತಾಲ್ಲೂಕು ಕಚೇರಿಯ ಮುಂದೆ ಶಾಮಿಯಾನ ಹಾಕಿದ್ದರು. ಬೇವಿನ ಮರಕ್ಕೆ ಅನೀಸ್ ಮೈಕಿನ ಹಾರ್ನ್ ಕಟ್ಟಿದ್ದ. ತಹಸೀಲ್ದಾರರ ಸಾಲಿನಲ್ಲೇ ಅಪ್ಪನನ್ನು ಕೂರಿಸಿದ್ದನ್ನು ನೋಡಿ ಅವನಿಗೆ ಒಂದು ಗಳಿಗೆ ಹೆಮ್ಮೆಯೂ ಆಯಿತು. ಅಷ್ಟರಲ್ಲಿ ಗೇಟಿನ ಹತ್ತಿರ ಕರಿಕಂಬಳಿ ಹೆಗಲಿಗೆ ಹಾಕಿದ ಪಾಲಯ್ಯ ಕಾಣಿಸಿದ. ಅವನು ಸ್ವಯಂಸೇವಕರೊಬ್ಬರಿಗೆ ಏನೋ ವಿವರಿಸುತ್ತಿದ್ದ. ಅನೀಸ್ ಹೋಗುವಷ್ಟರಲ್ಲಿ, "ನಾನೂ ಮೌಲಣ್ಣನ ಜೊತೆ ಅದೇ ಹಡಗಿನಾಗೆ ಕಲ್ಲಿದ್ದಲು ಹೊತ್ತೋನು ಕಣ್ರಿ" ಎಂಬುದು ಕಿವಿಗೆ ಬಿತ್ತು.

"ಬಾ ಚಿಕ್ಕಪ್ಪ, ಈ ಕಡೆ ಬಾ" ಎಂದು ಅನೀಸ್ ಅವನ ತೋಳು ಹಿಡಿದ. "ಒಳಗೆ ಜಾಗ ಇಲ್ಲ. ಮುರುಗಪ್ಪನ ಹೋಟೆಲ್ ಇಲ್ಲೇ ಐತೆ, ಅಲ್ಲಿ ಕುಂತ್ಕ. ಹೆಸರು ಕರೆಯೋ ಹೊತ್ತಿಗೆ ನಾನೇ ಬಂದು ಕರ್ಕಂಡು ಹೋಗ್ತೀನಿ."

"ಮೌಲಣ್ಣನ್ನ ಒಂದ್ಸಲ ನೋಡಿ..."

"ಆಮೇಲೆ ನೋಡೀಯಂತೆ."

ಪಾಲಯ್ಯ ವೇದಿಕೆಯ ಕಡೆ ನೋಡಿದ. ವೇದಿಕೆಯಿಂದ ಬಿಳಿ ಟೋಪಿಯ ಮೌಲಾ ಸಾಬ್ ಇವನನ್ನೇ ನೋಡುತ್ತಿದ್ದರು. ಇಬ್ಬರೂ ಕೈ ಎತ್ತಲಿಲ್ಲ. ಪಾಲಯ್ಯ ಅನೀಸನ ಹಿಂದೆ ನಡೆದು ಹೋಟೆಲಿನ ಬೆಂಚಿನಲ್ಲಿ ಕೂತ.

ಹಾಲಸ್ವಾಮಿ ಮೈಕಿನಲ್ಲಿ, "ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯ ವೀರಯೋಧರಾಗಿ ಶತ್ರುಗಳೊಡನೆ ಕಾದಾಡಿದ ಮಾನ್ಯ ಮೌಲಾ ಸಾಬರು" ಎಂದು ಕರೆದರು. ತಹಸೀಲ್ದಾರರು ಶಾಲು ಹೊದಿಸಿದರು. ಜನರ ಚಪ್ಪಾಳೆ ಅವತ್ತು ಜೋರಾಗಿಯೇ ಬಿತ್ತು. ಎರಡು ಮಾತು ಹೇಳಿ ಎಂದು ಮೈಕು ಅವರ ಮುಂದೆ ಹಿಡಿದರು. ಮೌಲಾ ಸಾಬ್ ಬಾಯಿ ತೆರೆದರು. ವೇದಿಕೆಯ ಪಕ್ಕ, ಆಂಪ್ಲಿಫೈಯರಿನ ಹತ್ತಿರ ಕೂತಿದ್ದ ಮಗನ ಮುಖ ಅವರ ಕಣ್ಣಿಗೆ ಬಿತ್ತು. ಆ ಮುಖದಲ್ಲಿ ಏನಿತ್ತೋ, "ಎಲ್ಲಾರಿಗೂ ನಮಸ್ಕಾರ" ಎಂದಷ್ಟೇ ಹೇಳಿ ಮೈಕು ವಾಪಸು ಕೊಟ್ಟರು.

ಸಭೆ ಮುಗಿದ ಮೇಲೆ ಅಪ್ಪ ಮಗ ಹೋಟೆಲಿಗೆ ಬಂದರು. ಬೆಂಚು ಖಾಲಿಯಿತ್ತು.

"ಆ ಕಂಬಳಿಯೋನಾ? ಹೊಂಟೋದ" ಎಂದ ಮುರುಗಪ್ಪ. "ಟೀ ಕೊಟ್ಟೆ, ಕುಡೀಲಿಲ್ಲ. ಸಭೆ ಮುಗಿಯೋ ತಂಕ ಹಾರ್ನಿನ ಕಡೆ ಕಿವಿ ಕೊಟ್ಕಂಡು ಕುಂತಿದ್ದ. ಆಮೇಲೆ ಎದ್ದು ಹೋದ. ಯಾರು ಅವನು?"

ಮೌಲಾ ಸಾಬ್ ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದು ಹೊರಗೆ ನಡೆದರು. ದಾರಿಯಲ್ಲಿ ಮಗನನ್ನು ಬೈಯಲಿಲ್ಲ. ಬೈದಿದ್ದರೆ ಅನೀಸನಿಗೆ ತುಸು ಹಗುರವಾಗುತ್ತಿತ್ತು. ವೇದವತಿಯ ಸೇತುವೆಯ ಹತ್ತಿರ ಬಂದಾಗ ಒಮ್ಮೆ ನಿಂತು, "ನಿಂದೊಂದೇ ತಪ್ಪಲ್ಲ. ಮೈಕು ನನ್ನ ಬಾಯಿ ಹತ್ರ ಇತ್ತು" ಎಂದರು.

ಮುಂದಿನ ವಾರ ಇಬ್ಬರೂ ಧರ್ಮಪುರದ ಬಸ್ಸು ಹತ್ತಿದರು. ಪಾಲಯ್ಯನ ಕೈ ಹಿಡಿದು ತಪ್ಪಾಯಿತು ಎನ್ನಬೇಕೆಂದು ಅನೀಸ್ ದಾರಿಯುದ್ದಕ್ಕೂ ಮಾತು ಹೊಂದಿಸುತ್ತಿದ್ದ. ಬಸ್ಸಿಳಿದು ಕಡಲೆಕಾಯಿ ಹೊಲಗಳ ನಡುವೆ ನಡೆದು ಹಟ್ಟಿಗೆ ಬಂದರೆ, ಪಾಲಯ್ಯ ಕುರಿ ಹೊಡೆದುಕೊಂಡು ಹೋಗಿದ್ದ. ಅಂಗಳದಲ್ಲಿ ಜುಂಜಮ್ಮ ಕೂತಿದ್ದಳು. ಕಣ್ಣುಗಳು ಮಂಜಾಗಿದ್ದವು. ಮೌಲಾ ಸಾಬರ ದನಿ ಕೇಳುತ್ತಲೇ ಗುರುತು ಹಿಡಿದಳು.

"ಬರ್ರಪ್ಪ, ಬರ್ರಿ. ಕುಂತ್ಕಳ್ರಿ. ನಿನ್ನ ಮಗನೂ ಬಂದಾನಾ? ಎಲ್ಲಿ, ಇಲ್ಲಿ ಬಾ ನನ್ನಪ್ಪ."

ಅನೀಸ್ ಹತ್ತಿರ ಹೋದ. ಅವಳು ತಡವಿ ತಡವಿ ಅವನ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು.

"ನಿನ್ನ ಹೊಟ್ಟೆ ತಣ್ಣಗಿರ್ಲಿ ಮಗಾ. ನನ್ನ ಯತ್ತಪ್ಪನ ಹೆಸ್ರು ಅಷ್ಟು ಜನರ ಮುಂದೆ ಮೈಕಿನಾಗೆ ಹೇಳಿಸ್ದೆಯಂತೆ. ಪಾಲ ಬಂದು ಹೇಳ್ದ. ತಹಸೀಲ್ದಾರ್ ಸಾಹೇಬ್ರು ಎದ್ದು ನಿಂತು ಕೈ ಮುಗಿದ್ರಂತೆ."

ಅನೀಸ್ ಅಪ್ಪನ ಕಡೆ ತಿರುಗಿದ. ಮೌಲಾ ಸಾಬ್ ನೆಲ ನೋಡುತ್ತಿದ್ದರು.

"ಅವನು ಸತ್ತ ಅಂತ ಒಬ್ಬ ಸರ್ಕಾರದೋನೂ ಬಂದು ಹೇಳ್ಲಿಲ್ಲ ನೋಡು" ಎಂದಳು ಮುದುಕಿ. "ಪಾಲ ಹೇಳಿದ್ದು ಯಾರೂ ನಂಬ್ಲಿಲ್ಲ, ಬೊಂಬಾಯಾಗೆ ಯಾವಳನ್ನೋ ಕಟ್ಕಂಡು ಉಳಕಂಡಾನೆ ಅಂತ ಊರಾಗೆ ಆಡ್ಕಂಡ್ರು. ನಮ್ಮೋರೇ ಆಡ್ಕಂಡ್ರು. ಈಗ ಅವರ ಬಾಯಿ ಮುಚ್ಚಿತು. ಎಲ್ಲಾರ ಮನೆಗೂ ಹೋಗಿ ಹೇಳಿ ಬಂದೀನಿ."

ಸೊಸೆ, ಪಾಲಯ್ಯನ ಹೆಂಡತಿ, ತಂದಿಟ್ಟ ಹಾಲು ಅನೀಸನ ಮುಂದೆ ಆರುತ್ತಿತ್ತು. ಇಷ್ಟರಲ್ಲಿ ಪಾಲಯ್ಯ ಹಟ್ಟಿಯ ಬೇಲಿಯ ಹತ್ತಿರ ಬಂದು ನಿಂತಿದ್ದ. ಇವರನ್ನು ಕಂಡವನು ಒಳಗೆ ಬರದೆ ಅಲ್ಲೇ ಉಳಿದ.

"ಹೆಂಗೆ ಹೇಳಿದ್ರು, ನೀನೇ ಒಂದ್ಸಲ ಹೇಳು" ಎಂದಳು ಜುಂಜಮ್ಮ. "ಮೈಕು ನಿಂದೇ ಅಂತೆ, ಹತ್ರ ಇದ್ದು ಕೇಳಿರ್ತೀಯ. ಪಾಲಂಗೆ ಹೇಳಕ್ಕೆ ಬರಲ್ಲ. ಕೇಳಿದ್ರೆ ಎದ್ದು ಹೋಗ್ತಾನೆ."

ಅನೀಸ್ ಹಾಲಿನ ಲೋಟವನ್ನು ಪಕ್ಕಕ್ಕೆ ಸರಿಸಿದ. ನಿಜ ಹೇಳಿದರೆ ಈ ಮುದುಕಿ ಹೇಳಿ ಬಂದ ಮನೆಮನೆಯವರೂ ನಗುತ್ತಾರೆ. ಸುಳ್ಳು ಹೇಳಿದರೆ ಇದು ಎರಡನೆಯದು. ಬೇಲಿಯ ಹತ್ತಿರ ನಿಂತ ಪಾಲಯ್ಯ ತಲೆಯನ್ನು ಮೆಲ್ಲಗೆ ಆಡಿಸಿದ. ಹೇಳು ಎಂದೋ, ಬೇಡ ಎಂದೋ ಯೋಚಿಸಬೇಕಾದ್ದೇ ಇರಲಿಲ್ಲ. ಹೇಳು ಎಂಬುದೇ ಆಗಿತ್ತು ಅದು.

ಅನೀಸ್ ಎದ್ದು ನಿಂತ. ಸಭೆಗಳಲ್ಲಿ ಮೈಕು ಪರೀಕ್ಷೆ ಮಾಡುವಾಗಿನ ದನಿಯಲ್ಲಿ ಶುರುಮಾಡಿದ. "ಎರಡನೇ ಮಹಾಯುದ್ಧದಲ್ಲಿ, ವ್ಯಾಪಾರದ ಹಡಗಿನಲ್ಲಿ ದುಡಿಯುತ್ತಾ, ಸಮುದ್ರದಲ್ಲಿ ಪ್ರಾಣ ಕೊಟ್ಟ, ಧರ್ಮಪುರದ ಯತ್ತಪ್ಪ..."

ಅಲ್ಲಿಗೆ ದನಿ ನಿಂತಿತು.

"ರತ್ನಗಿರಿಯ ದಾವೂದ್" ಎಂದರು ಮೌಲಾ ಸಾಬ್, ತಲೆ ಎತ್ತದೆ.

"ರತ್ನಗಿರಿಯ ದಾವೂದ್" ಎಂದ ಅನೀಸ್.

"ಸಿಲ್ಹೆಟ್ಟಿನ ಕರಾಮತ್ ಅಲಿ."

"ಸಿಲ್ಹೆಟ್ಟಿನ ಕರಾಮತ್ ಅಲಿ."

"ಗೋವಾದ ಕಾಯ್ತಾನ. ಪೇಶಾವರದ ಗುಲ್ ಮಹಮ್ಮದ್."

ಯತ್ತಪ್ಪನ ಜೊತೆ ಹಡಗಿನ ಕೆಳಗೇ ಉಳಿದವರ ಹೆಸರುಗಳನ್ನು ಅಪ್ಪ ಹೇಳುತ್ತಾ ಹೋದರು, ಮಗ ಗಟ್ಟಿಯಾಗಿ ಹೇಳುತ್ತಾ ಹೋದ. ಮುಗಿದಾಗ ಸೊಸೆ ಒಳಬಾಗಿಲಲ್ಲಿ ಸೆರಗು ಬಾಯಿಗಿಟ್ಟು ನಿಂತಿದ್ದಳು. ಜುಂಜಮ್ಮ ಕೈ ಮುಗಿದುಕೊಂಡಿದ್ದಳು. "ಪಾಪ, ಅವರ ತಾಯಂದಿರೂ ಕೇಳಿದ್ರೆ ಚೆಂದಿರ್ತಿತ್ತು" ಎಂದಳು.

ಅನೀಸನ ಹಾಲು ಆರಿ ಕೆನೆ ಕಟ್ಟಿತ್ತು. ಆದರೂ ಕುಡಿದ.

ಬಸ್ಸಿನ ರಸ್ತೆಯವರೆಗೆ ಪಾಲಯ್ಯ ಜೊತೆಗೆ ಬಂದ. ಅನೀಸ್ ಹೊಂದಿಸಿಕೊಂಡಿದ್ದ ಮಾತೆಲ್ಲ ಮರೆತಿತ್ತು. "ತಪ್ಪಾತು ಚಿಕ್ಕಪ್ಪ" ಎಂದಷ್ಟೇ ಹೊರಟಿತು.

"ಅವತ್ತು ನಾನು ಬರೋ ಹೊತ್ತಿಗೆ ಅವ್ವ ಬಾಗಿಲಾಗೇ ಕುಂತಿದ್ಲು" ಎಂದ ಪಾಲಯ್ಯ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಆಯಾಸವಿತ್ತು. "ಹೆಸ್ರು ಹೇಳಿದ್ರೇನಲಾ ಅಂತ ಕೇಳಿದ್ಲು. ಇಲ್ಲ ಅನ್ನಕ್ಕೆ ಬಾಯಿ ಬರ್ಲಿಲ್ಲ. ನನ್ನ ಬಾಯಾಗೂ ಸುಳ್ಳು ಹೇಳಿಸಿದ್ರಿ ನೀವು." ಆಮೇಲೆ ಮೌಲಾ ಸಾಬರ ಕಡೆ ತಿರುಗಿ, "ಅಣ್ಣ, ನಿನಗೆ ಆ ಟೋಪಿ ಚೆನ್ನಾಗಿರ್ಲಿಲ್ಲ" ಎಂದ.

"ಗೊತ್ತು ಕಣೋ" ಎಂದರು ಮೌಲಾ ಸಾಬ್.

ಹಿರಿಯೂರಿಗೆ ಬಂದ ಮರುದಿನ ಅನೀಸ್ ನೇರ ಮುರುಗಪ್ಪನ ಹೋಟೆಲಿಗೆ ಹೋದ. ರೈಟರೂ ಅಲ್ಲೇ ಇದ್ದ. ಕೂರದೆ ನಿಂತುಕೊಂಡೇ, "ನಮ್ಮಪ್ಪ ನೇವಿಯೋನಲ್ಲ. ಸಾಮಾನು ಸಾಗಿಸೋ ಹಡಗಿನಾಗೆ ಬೆಂಕಿ ಕೆಲಸ ಮಾಡ್ತಿದ್ದ. ನಾನು ಸುಳ್ಳು ಹೇಳಿದ್ದೆ" ಎಂದ.

ಹೋಟೆಲು ಬಿದ್ದುಹೋಗುತ್ತದೆ ಎಂದುಕೊಂಡಿದ್ದ ಅವನು. ಮುರುಗಪ್ಪ ಟೀ ಸೋಸುವುದನ್ನು ನಿಲ್ಲಿಸಲಿಲ್ಲ. "ಅಯ್ಯೋ ಬಿಡಪ್ಪ, ಯಾವ ಹಡಗಾದ್ರೇನು? ಮುಳುಗಿದ್ದಂತೂ ನಿಜ ತಾನೆ?" ಎಂದ. ರೈಟರಿಗೆ ಡಿಸೆಂಬರಿನ ಮಾತೇ ನೆನಪಿರಲಿಲ್ಲ. "ನಾನೇನಂದಿದ್ದೆ?" ಎಂದು ಕೇಳಿದ.

ಅನೀಸ್ ಹೊರಗೆ ರಸ್ತೆಗೆ ಬಂದ. ಯಾರೂ ಕೇಳದ ಸಾಕ್ಷಿಗಾಗಿ ತಾನು ಅಪ್ಪನಿಗೆ ವೇಷ ಹಾಕಿಸಿದ್ದ. ಪಾಲಯ್ಯನನ್ನು ಗೇಟಿನಿಂದ ಆಚೆ ಕರೆತಂದಿದ್ದ. ಬೈಗುಳಕ್ಕಿಂತ ಇದು ಹೆಚ್ಚು ಚುಚ್ಚಿತು.

ಅಲ್ಲಿಂದ ಹಾಲಸ್ವಾಮಿಯವರ ಮನೆಗೆ ಹೋಗಿ ಅದನ್ನೇ ಹೇಳಿದ. ಅವರು ಮಾತ್ರ ಕೇಳಿ ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. "ಫೋಟೋ ಪೇಪರಿಗೆ ಹೋಗೈತೆ. ಈಗ ಎಲ್ಲರಿಗೂ ಹೇಳ್ತಾ ಹೋದ್ರೆ ಸಮಿತಿ ಮುಖಕ್ಕೆ ಮಸಿ" ಎಂದರು. ಕನ್ನಡಕ ಮತ್ತೆ ಹಾಕಿಕೊಂಡು, "ನಾನೂ ವಿಚಾರಿಸ್ಬೇಕಿತ್ತು. ನಿಮ್ಮಪ್ಪನ್ನ ಒಂದು ಮಾತು ಕೇಳಿದ್ರೆ ಅವರೇ ಹೇಳ್ತಿದ್ರು. ಕೇಳ್ಲಿಲ್ಲ. ನಮಗೆ ನೇವಿಯೋರು ಒಬ್ಬರು ಬೇಕಾಗಿತ್ತು" ಎಂದರು. ಜನವರಿ ಇಪ್ಪತ್ತಾರಕ್ಕೆ ಏನಾದರೂ ಮಾಡುತ್ತೇನೆ ಎಂದು ಮಾತು ಕೊಟ್ಟರು.

ಕೊಟ್ಟ ಮಾತಿಗೆ ತಪ್ಪಲಿಲ್ಲ. ಆದರೆ ಅವರ ಕೈಲಾದದ್ದು ಅಷ್ಟೇ: ಕವಾಯತು, ಭಾಷಣ, ಬಹುಮಾನ ಎಲ್ಲ ಮುಗಿದು ಜನ ಏಳುತ್ತಿರುವಾಗ ಸಿಕ್ಕ ಸ್ವಲ್ಪ ಹೊತ್ತು. ವೇದಿಕೆ ಹತ್ತುವ ಮುನ್ನ ಅವರು ಮೌಲಾ ಸಾಬರ ಕಿವಿಯಲ್ಲಿ, "ಪೇಶಾವರ ಅನ್ನೋದು ಬೇಡ, ಬರೀ ಹೆಸರು ಹೇಳಿ" ಎಂದರು.

ಮೌಲಾ ಸಾಬ್ ದಿನಾ ಉಡುವ ಲುಂಗಿ, ಮಾಸಿದ ಕೋಟಿನಲ್ಲಿ ಬಂದಿದ್ದರು. ಪಕ್ಕದಲ್ಲಿ ಪಾಲಯ್ಯ ಕಂಬಳಿ ಹೊದ್ದು ನಿಂತ. "ನಾವು ಸಿಪಾಯಿಗಳಲ್ಲ. ಹಡಗಿನ ಕೂಲಿಯವರು. ಹೋದ ಸಲ ನಾನು ಇಲ್ಲಿ ಬೇರೆ ಬಟ್ಟೆ ಹಾಕ್ಕಂಡು ಕುಂತಿದ್ದೆ, ಅದು ನನ್ನದಲ್ಲ" ಎಂದರು. ಆಮೇಲೆ ಹೆಸರುಗಳನ್ನು ಹೇಳಿದರು. ಯತ್ತಪ್ಪನದನ್ನು ಮೊದಲು ಹೇಳಿದರು. ಪೇಶಾವರದ ಗುಲ್ ಮಹಮ್ಮದ್ ಎಂದು ಪೂರ್ತಿಯಾಗಿಯೇ ಹೇಳಿದರು. ಹಾಲಸ್ವಾಮಿ ತಡೆಯಲಿಲ್ಲ. ಕುರ್ಚಿ ಜೋಡಿಸುತ್ತಿದ್ದವರು ಕೈ ನಿಲ್ಲಿಸಿ ಕೇಳಿದರು. ಉಳಿದಿದ್ದವರು ಬೆರಳೆಣಿಕೆಯ ಜನ. ಅವರಲ್ಲೊಬ್ಬರು ಚಪ್ಪಾಳೆ ತಟ್ಟಲು ಹೋಗಿ, ತಟ್ಟಬೇಕೋ ಬೇಡವೋ ತಿಳಿಯದೆ ನಿಲ್ಲಿಸಿದರು.

ಮುಗಿಯುತ್ತಲೇ ಪಾಲಯ್ಯ ಹೊರಟುನಿಂತ. ಊಟ ಮಾಡಿಕೊಂಡು ಹೋಗು ಎಂದು ಖಾತುನ್ ಬೀ ಹೇಳಿಕಳಿಸಿದ್ದಾಳೆಂದರೂ, ಕುರಿಗಳಿವೆ ಎಂದ. ಅನೀಸ್ ಮೈಕ್ ಸೆಟ್ಟನ್ನು ಹಾಗೇ ಬಿಟ್ಟು ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ನಡೆದ.

"ಇವತ್ತು ಹೇಳಿದ್ವಲ್ಲ ಚಿಕ್ಕಪ್ಪ" ಎಂದ, ಬಸ್ಸು ಬಂದು ನಿಂತ ಮೇಲೆ. "ನಿಜವಾಗ್ಲೂ ಹೇಳಿದ್ವಿ. ಅಜ್ಜಿಗೆ ಹೇಳು."

ಪಾಲಯ್ಯ ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲಿಟ್ಟು ತಿರುಗಿದ.

"ಏನಂತ ಹೇಳ್ಲಿ? ಅವಳ ಪಾಲಿಗೆ ಅದು ಆಗ್ಲೇ ಆಗಿಹೋಗೈತೆ. ಇವತ್ತು ಹೇಳಿದ್ರು ಅಂದ್ರೆ ಅವತ್ತಿಂದು ಏನು ಅಂತ ಕೇಳ್ತಾಳೆ" ಎಂದ. "ಎಲ್ಲಿಗೆ ಹೋಗಿದ್ದೆ ಅಂದ್ರೆ ಉಣ್ಣೆ ವ್ಯಾಪಾರಕ್ಕೆ ಅಂತೀನಿ."

ಕಂಡಕ್ಟರು ಸೀಟಿ ಊದಿದ. ಪಾಲಯ್ಯ ಒಳಗೆ ಹೋಗಿ ಕಿಟಕಿಯ ಹತ್ತಿರ ಕೂತ. ಮುಖ ತಿರುಗಿಸಿಕೊಂಡಿರಲಿಲ್ಲ. ಅನೀಸನೇ ಅತ್ತ ನೋಡಲಾರದೆ ಬಸ್ಸಿನ ಚಕ್ರದ ಕಡೆ ನೋಡುತ್ತಾ ನಿಂತ. ಬಸ್ಸು ಹೊರಟು ತಿರುವು ದಾಟಿದ ಮೇಲೂ ಅವನಿಗೆ ತಲೆ ಎತ್ತಲು ಸ್ವಲ್ಪ ಹೊತ್ತು ಬೇಕಾಯಿತು.